ಮನೆ ಯಾರ ಹೆಸರಿನಲ್ಲಿದೆ? ಹೆತ್ತವರ ಜೀವನಾಂಶದ ಕಾನೂನು ಮತ್ತು ಸೊಲ್ಲಾಪುರ ಹೇಳುವ ಕಥೆ

ಹೆತ್ತವರನ್ನು ನೋಡಿಕೊಳ್ಳಿ ಎಂದು ಮಕ್ಕಳಿಗೆ ಕಾನೂನು ಹೇಳಬೇಕೇ? ಈ ಪ್ರಶ್ನೆ ಬಂದಾಗಲೆಲ್ಲ ನಮ್ಮ ಕಡೆ ಎರಡು ಉತ್ತರ ಸಿದ್ಧವಾಗಿರುತ್ತವೆ. ಒಂದು, ‘ಕಾಲ ಕೆಟ್ಟಿತು’. ಇನ್ನೊಂದು, ‘ಅದೆಲ್ಲ ದೊಡ್ಡ ಪಟ್ಟಣದವರ ಸಮಸ್ಯೆ, ನಮ್ಮಲ್ಲಿ ಹಾಗಿಲ್ಲ’. ಎರಡೂ ಪೂರ್ತಿ ನಿಜವಲ್ಲ. ಈ ಕಾನೂನಿನ ಬೇರು ನಾವು ತಿಳಿದುಕೊಂಡದ್ದಕ್ಕಿಂತ ಹಳೆಯದು. ಪಟ್ಟಣ, ಹಳ್ಳಿ ಎಂಬ ಭೇದವೂ ಅದಕ್ಕಿಲ್ಲ. ಅದನ್ನು ಅರ್ಥ ಮಾಡಿಕೊಳ್ಳಲು ನಾನು ಆರಿಸಿಕೊಂಡ ಊರು ಮಂಗಳೂರಲ್ಲ, ಮಹಾರಾಷ್ಟ್ರದ ಸೊಲ್ಲಾಪುರ. ಜೊತೆಗೆ ಅದರ ಪಕ್ಕದ ಅಕ್ಕಲಕೋಟೆ.

ಆ ಊರೇ ಯಾಕೆ? ಒಂದು ಕಾರಣ ನನ್ನ ಕೆಲಸ. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದ ಮೇಲೆ ಮಗ್ಗದ ಯಂತ್ರಗಳ ಸರ್ವಿಸ್ ಕೆಲಸಕ್ಕೆ ಸೇರಿದೆ. ಸೊಲ್ಲಾಪುರದ ಅಕ್ಕಲಕೋಟೆ ರಸ್ತೆಯ ಕೈಗಾರಿಕಾ ಪ್ರದೇಶದಲ್ಲಿ ಟವೆಲು, ಚಾದರ ನೇಯುವ ಶೆಡ್ಡುಗಳಿಗೆ ವರ್ಷಕ್ಕೆ ಎರಡು ಮೂರು ಸಲ ಹೋಗಬೇಕಾಗುತ್ತದೆ. ಇನ್ನೊಂದು ಕಾರಣ, ಆ ಊರಿಗೂ ನಮಗೂ ಇರುವ ಹೋಲಿಕೆ. 1967ರ ಮಹಾಜನ್ ಆಯೋಗದ ವರದಿ ಅಕ್ಕಲಕೋಟೆ ತಾಲೂಕನ್ನೂ ನಮ್ಮ ಕಾಸರಗೋಡನ್ನೂ ಒಂದೇ ಕಟ್ಟಿನಲ್ಲಿ ಕರ್ನಾಟಕಕ್ಕೆ ಸೇರಿಸಲು ಹೇಳಿತ್ತು. ಎರಡೂ ಸೇರಲಿಲ್ಲ. ಅಕ್ಕಲಕೋಟೆಯ ಮನೆಗಳಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ. ನಮ್ಮ ಉಮ್ಮಂದಿರ ಹಾಗೆ ಅಲ್ಲಿನ ಹೆಂಗಸರೂ ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದವರು. ಅಲ್ಲಿನ ಮಕ್ಕಳೂ ದುಡಿಮೆಗೆ ಊರು ಬಿಟ್ಟವರು. ನಮ್ಮವರು ಗಲ್ಫಿಗೆ ಹೋದರೆ ಅವರು ಪುಣೆಗೆ, ಭಿವಂಡಿಗೆ ಹೋದರು.

ಗಿರಣಿ ಊರಿನ ಮುದಿತನ

ಸೊಲ್ಲಾಪುರವೆಂದರೆ ಸಿದ್ಧರಾಮನ ಸೊನ್ನಲಿಗೆ. ಹನ್ನೆರಡನೆಯ ಶತಮಾನದಿಂದಲೂ ಕನ್ನಡದ ನೆಲ. 1870ರ ದಶಕದಲ್ಲಿ ಅಲ್ಲಿ ‘ಜುನಿ ಗಿರಣಿ’ ಎಂದು ಜನ ಕರೆಯುವ ಸೊಲ್ಲಾಪುರ ಸ್ಪಿನ್ನಿಂಗ್ ಅಂಡ್ ವೀವಿಂಗ್ ಕಂಪೆನಿಯ ಗಿರಣಿ ಶುರುವಾಯಿತು. ಆಮೇಲೆ ವಿಷ್ಣು, ಲಕ್ಷ್ಮೀ, ನರಸಿಂಗ ಗಿರ್ಜಿ ಗಿರಣಿಗಳು ಬಂದವು. ಸುತ್ತಲಿನ ಕನ್ನಡ ಹಳ್ಳಿಗಳಿಂದ, ತೆಲುಗು ನೇಕಾರ ಊರುಗಳಿಂದ, ಮರಾಠಿ ಸೀಮೆಯಿಂದ ಜನ ಬಂದು ಅಲ್ಲೇ ನೆಲೆಸಿದರು.

ಹೊಲದಲ್ಲಿ ದುಡಿಯುವವನಿಗೆ ಮುದಿತನ ಬಂದರೂ ಹೊಲ ಅವನ ಹೆಸರಿನಲ್ಲೇ ಇರುತ್ತದೆ. ಗಿರಣಿಯಲ್ಲಿ ಹಾಗಲ್ಲ. ಕೈಗೆ ಬಲ ಇರುವ ತನಕ ಕೂಲಿ, ಬಲ ಹೋದ ದಿನ ಗೇಟಿನ ಹೊರಗೆ. ಗಿರಣಿ ಕೆಲಸಗಾರರಿಗೆ ಪ್ರಾವಿಡೆಂಟ್ ಫಂಡ್ ಕಾನೂನು ಬಂದದ್ದು 1952ರಲ್ಲಿ. ತಿಂಗಳು ತಿಂಗಳು ಬರುವ ಪಿಂಚಣಿ ಯೋಜನೆ ಬಂದದ್ದು 1995ರ ನವೆಂಬರಿನಲ್ಲಿ. ಅಷ್ಟರ ತನಕ ಗಿರಣಿ ಕೆಲಸಗಾರನ ಪಿಂಚಣಿ ಎಂದರೆ ಅವನ ಮಕ್ಕಳೇ.

1949ರ ಆಗಸ್ಟಿನಲ್ಲಿ ಜುನಿ ಗಿರಣಿ ಬಾಗಿಲು ಮುಚ್ಚಿತು. ಕೇಂದ್ರ ಸರಕಾರ 1950ರ ಜನವರಿಯಲ್ಲಿ ಸುಗ್ರೀವಾಜ್ಞೆ ಹೊರಡಿಸಿ, ಬಳಿಕ ಇದೊಂದೇ ಕಂಪೆನಿಗಾಗಿ ಪ್ರತ್ಯೇಕ ಕಾನೂನು ಮಾಡಿ ಆಡಳಿತವನ್ನು ಕೈಗೆ ತೆಗೆದುಕೊಂಡಿತು. ಸಂವಿಧಾನ ಓದುವ ವಿದ್ಯಾರ್ಥಿಗಳು ಇಂದಿಗೂ ಓದುವ ಚಿರಂಜಿತ್ ಲಾಲ್ ಚೌಧುರಿ ಪ್ರಕರಣ (1950) ಮತ್ತು ದ್ವಾರಕಾದಾಸ್ ಶ್ರೀನಿವಾಸ್ ಪ್ರಕರಣ (1953) ಹುಟ್ಟಿದ್ದು ಇದೇ ಗಿರಣಿಯಿಂದ. ಷೇರುದಾರರ ಆಸ್ತಿ ಹಕ್ಕಿನ ಬಗ್ಗೆ ಸುಪ್ರೀಂ ಕೋರ್ಟು ಎರಡು ಸಲ ವಿಚಾರ ಮಾಡಿತು. ಅದೇ ಗಿರಣಿಯಲ್ಲಿ ಮೂವತ್ತು ವರ್ಷ ದುಡಿದು ಮುದಿಯಾದವನನ್ನು ಯಾರು ಸಾಕಬೇಕು ಎಂಬ ಪ್ರಶ್ನೆ ಯಾವ ಕೋರ್ಟಿಗೂ ಹೋಗಲಿಲ್ಲ. ಹೋಗುವಂಥ ಕಾನೂನೇ ಆಗ ಸರಿಯಾಗಿ ಇರಲಿಲ್ಲ. ಈಗ ಆ ದೊಡ್ಡ ಗಿರಣಿಗಳಲ್ಲಿ ಒಂದೂ ನಡೆಯುತ್ತಿಲ್ಲ.

ಬ್ರಿಟಿಷರು ತಾರದೆ ಬಿಟ್ಟ ಕಾನೂನು

ಇಲ್ಲಿ ಒಂದು ಸ್ವಾರಸ್ಯದ ವಿಷಯವಿದೆ. ಬಡ ತಂದೆತಾಯಿಯನ್ನು ಮಕ್ಕಳು ಸಾಕಬೇಕು ಎಂಬ ಕಾನೂನು ಇಂಗ್ಲೆಂಡಿನಲ್ಲಿ 1601ರಿಂದಲೇ ಇತ್ತು. ಎಲಿಜಬೆತ್ ರಾಣಿಯ ಕಾಲದ ಬಡವರ ಕಾನೂನಿನಲ್ಲಿ ಅದು ಸೇರಿತ್ತು. ಆದರೆ ಭಾರತಕ್ಕೆ ಕ್ರಿಮಿನಲ್ ಪ್ರೊಸೀಜರ್ ಕೋಡ್ ಬರೆದಾಗ ಬ್ರಿಟಿಷರು ಅದನ್ನು ತರಲಿಲ್ಲ. 1861ರ ಕೋಡಿನಲ್ಲೂ 1898ರ ಕೋಡಿನ 488ನೇ ಸೆಕ್ಷನಿನಲ್ಲೂ ಜೀವನಾಂಶ ಇದ್ದದ್ದು ಹೆಂಡತಿಗೆ ಮತ್ತು ಮಕ್ಕಳಿಗೆ ಮಾತ್ರ. ದಿಕ್ಕಿಲ್ಲದವರು ಬೀದಿಗೆ ಬೀಳದಂತೆ ಮ್ಯಾಜಿಸ್ಟ್ರೇಟರು ಬೇಗ ಒಂದು ಆದೇಶ ಕೊಡಬೇಕೆಂಬುದು ಅದರ ಉದ್ದೇಶ. ಮೊದಲಿಗೆ ತಿಂಗಳಿಗೆ 50 ರೂಪಾಯಿ ಮಿತಿ, 1923ರಲ್ಲಿ 100, 1955ರಲ್ಲಿ 500. ಮುದಿ ತಂದೆತಾಯಿಯ ಹೆಸರು ಅಲ್ಲಿರಲಿಲ್ಲ. ಅಕ್ಕಲಕೋಟೆ ಆಗ ಭೋಸಲೆ ಮನೆತನದ ಸಂಸ್ಥಾನ. 1948ರಲ್ಲಿ ಅದು ಮುಂಬಯಿ ಪ್ರಾಂತಕ್ಕೆ ವಿಲೀನವಾದಾಗ ಅಲ್ಲಿನ ಜನರಿಗೆ ದೊರೆತದ್ದೂ ಹೆತ್ತವರ ಹೆಸರಿಲ್ಲದ ಇದೇ ಕಾನೂನು.

ಅದೇ 1948ರಲ್ಲಿ ಬ್ರಿಟನ್ ತನ್ನ ನಾಡಿನ ಹಳೆಯ ನಿಯಮವನ್ನು ಕೈಬಿಟ್ಟಿತು. ಅಲ್ಲಿನ ನ್ಯಾಷನಲ್ ಅಸಿಸ್ಟೆನ್ಸ್ ಕಾಯ್ದೆ ಬಂದ ಮೇಲೆ ಮುದುಕರನ್ನು ಸಾಕುವ ಹೊಣೆ ಮಕ್ಕಳ ಮೇಲಿನ ಕಾನೂನು ಬಾಧ್ಯತೆಯಾಗಿ ಉಳಿಯಲಿಲ್ಲ. ಸರಕಾರವೇ ಆ ಹೊಣೆಗೆ ಹೆಗಲು ಕೊಟ್ಟಿತು. ನಾವು ಹೊರಟದ್ದು ಎದುರು ದಿಕ್ಕಿಗೆ. ಅವರು ಮಕ್ಕಳ ಹೆಗಲಿನಿಂದ ಇಳಿಸಿದ ವರ್ಷಗಳಲ್ಲೇ ನಾವು ಮಕ್ಕಳ ಹೆಗಲಿಗೆ ಕಾನೂನಿನ ಮೂಲಕ ಏರಿಸಲು ಶುರು ಮಾಡಿದೆವು.

ಧರ್ಮದ ಕಟ್ಟಳೆಯಲ್ಲಿ ಈ ಹೊಣೆ ಮೊದಲಿನಿಂದಲೂ ಇತ್ತು. ಹಿಂದೂ ಧರ್ಮಶಾಸ್ತ್ರಗಳು ಮುದಿ ತಂದೆತಾಯಿಯ ಪೋಷಣೆಯನ್ನು ತಪ್ಪಿಸಲಾಗದ ಕರ್ತವ್ಯ ಎಂದಿವೆ. ಕುರ್‌ಆನಿನ 17ನೇ ಅಧ್ಯಾಯದಲ್ಲಿ ಮುಪ್ಪಿನ ಹೆತ್ತವರ ಮೇಲೆ ಬೇಸರದ ಒಂದು ಸಣ್ಣ ಸದ್ದನ್ನೂ ತೋರಬಾರದೆಂಬ ಅಪ್ಪಣೆ ಇರುವುದು ನಮ್ಮ ಮದ್ರಸದ ಮಕ್ಕಳಿಗೂ ಗೊತ್ತು. ಭಾರತದ ಕೋರ್ಟುಗಳು ಪಾಲಿಸುವ ಮುಸ್ಲಿಂ ಕಾನೂನಿನ ಪ್ರಕಾರ, ಅನುಕೂಲವಿರುವ ಮಕ್ಕಳು ಬಡ ತಂದೆತಾಯಿಯನ್ನು ಸಾಕಲೇಬೇಕು. ಅವರು ಸ್ವಲ್ಪ ದುಡಿಯಬಲ್ಲವರಾಗಿದ್ದರೂ ಸರಿಯೇ. ತಾಯಿ ಬಡವಳಾಗಿದ್ದರೆ ಮಗ ತಾನು ಕಷ್ಟದಲ್ಲಿದ್ದರೂ ಅವಳನ್ನು ನೋಡಿಕೊಳ್ಳಬೇಕು. 1937ರ ಶರೀಅತ್ ಕಾಯ್ದೆಯಲ್ಲಿ ಹೆಸರಿಸಿದ ವಿಷಯಗಳಲ್ಲಿ ಜೀವನಾಂಶವೂ ಒಂದು.

ಆದರೆ ಕಟ್ಟಳೆ ಇರುವುದು ಬೇರೆ, ಅದನ್ನು ನಡೆಸುವ ದಾರಿ ಇರುವುದು ಬೇರೆ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ 20ನೇ ಸೆಕ್ಷನ್ ಮಗನಿಗೂ ಮಗಳಿಗೂ ಸಮಾನವಾಗಿ ಈ ಹೊಣೆ ಹೊರಿಸಿತು. ಅದು ಹಿಂದೂಗಳಿಗೆ ಮಾತ್ರ, ಅದೂ ಸಿವಿಲ್ ಕೋರ್ಟಿನ ನಿಧಾನದ ದಾರಿ. ಸೊಲ್ಲಾಪುರದ ಒಬ್ಬ ಮುಸ್ಲಿಂ ತಾಯಿಗೆ ಅಥವಾ ನಮ್ಮ ಬಂದರಿನ ಒಬ್ಬ ಉಮ್ಮನಿಗೆ ಮ್ಯಾಜಿಸ್ಟ್ರೇಟರ ಬಾಗಿಲು ತೆರೆದದ್ದು 1974ರ ಏಪ್ರಿಲ್ 1ರಂದು. ಅಂದು ಜಾರಿಗೆ ಬಂದ ಹೊಸ ಕ್ರಿಮಿನಲ್ ಪ್ರೊಸೀಜರ್ ಕೋಡಿನ 125ನೇ ಸೆಕ್ಷನಿನಲ್ಲಿ ಮೊದಲ ಬಾರಿಗೆ ‘ತಂದೆ ಅಥವಾ ತಾಯಿ’ ಎಂಬ ಮಾತು ಸೇರಿತು. ಎಲ್ಲ ಧರ್ಮದವರಿಗೂ ಅದು ಒಂದೇ.

125ನೇ ಸೆಕ್ಷನ್ ಎಂದ ಕೂಡಲೇ ನಮ್ಮವರಿಗೆ ನೆನಪಾಗುವುದು 1985ರ ಶಾ ಬಾನು ತೀರ್ಪು. ಆ ಗಲಾಟೆಯ ಮಧ್ಯೆ ಯಾರೂ ಗಮನಿಸದ ಮಾತೊಂದಿದೆ. 1986ರ ಮುಸ್ಲಿಂ ಮಹಿಳಾ ಕಾಯ್ದೆ ಬಂದದ್ದು ವಿಚ್ಛೇದಿತ ಹೆಂಗಸರ ಬಗ್ಗೆ. ಹೆತ್ತವರಿಗೆ ಇದ್ದ 125ರ ಹಕ್ಕು ಹಾಗೇ ಉಳಿಯಿತು. ಅಷ್ಟೇ ಅಲ್ಲ, ಆ ಕಾಯ್ದೆಯ 4ನೇ ಸೆಕ್ಷನ್ ಓದಿದರೆ, ಗತಿಯಿಲ್ಲದ ವಿಚ್ಛೇದಿತ ಹೆಂಗಸಿಗೆ ಮಕ್ಕಳಿದ್ದರೆ ಮೊದಲ ಹೊಣೆ ಆ ಮಕ್ಕಳದ್ದೇ. ಅವಳ ತಂದೆತಾಯಿ, ಬಳಿಕ ವಕ್ಫ್ ಬೋರ್ಡು ಬರುವುದು ಆಮೇಲೆ.

ಕಲ್ಯಾಣದ ತಂದೆ, ವೈದ್ಯೆ ಮಗಳು

ಮದುವೆಯಾಗಿ ಹೋದ ಮಗಳಿಗೂ ಈ ಹೊಣೆ ಇದೆಯೇ? ಈ ಪ್ರಶ್ನೆಯನ್ನು ತೀರ್ಮಾನಿಸಿದ ಮೊಕದ್ದಮೆ ಮಹಾರಾಷ್ಟ್ರದ್ದೇ. ಕಲ್ಯಾಣದ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಕಾಶೀರಾವ್ ರಾಜಾರಾಮ್ ಸವಾಯಿ ಎಂಬ ತಂದೆ ತಿಂಗಳಿಗೆ 500 ರೂಪಾಯಿ ಕೇಳಿ ಅರ್ಜಿ ಹಾಕಿದರು. ಎದುರಿಗಿದ್ದವರು ಅವರ ಮೊದಲ ಹೆಂಡತಿಯ ಮಗಳು, ಡಾಕ್ಟರ್ ವಿಜಯಾ ಮನೋಹರ್ ಅರ್ಬಾಟ್. ತಾಯಿ 1948ರಲ್ಲಿ ತೀರಿಕೊಂಡಿದ್ದರು, ತಂದೆ ಇನ್ನೊಂದು ಮದುವೆಯಾಗಿದ್ದರು. ಮಗಳ ವಾದ ಸರಳ: ಕಾನೂನಿನಲ್ಲಿ ‘ಅವನ ತಂದೆ ಅಥವಾ ತಾಯಿ’ ಎಂದಿದೆ, ‘ಅವಳ’ ಎಂದಿಲ್ಲ, ಹಾಗಾಗಿ ಹೊಣೆ ಗಂಡು ಮಕ್ಕಳದ್ದು ಮಾತ್ರ.

1987ರಲ್ಲಿ ಸುಪ್ರೀಂ ಕೋರ್ಟು ಅದನ್ನು ಒಪ್ಪಲಿಲ್ಲ. ಕಾನೂನಿನ ಭಾಷೆಯಲ್ಲಿ ‘ಅವನ’ ಎಂಬುದರಲ್ಲಿ ‘ಅವಳ’ ಎಂಬುದೂ ಸೇರುತ್ತದೆ ಎಂದಿತು. ಮದುವೆಯಾದ ಮಾತ್ರಕ್ಕೆ ಮಗಳು ಮಗಳಾಗಿ ಇಲ್ಲದೇ ಹೋಗುವುದಿಲ್ಲ. ಅವಳಿಗೆ ಸ್ವಂತ ಆದಾಯ ಇದ್ದರೆ ಅವಳೂ ಹೊಣೆ. ಗಂಡನ ದುಡಿಮೆಯಲ್ಲಿ ಇರುವ ಮಗಳಿಗೆ ಇದು ಅನ್ವಯಿಸದು. ‘ಹೆಣ್ಣು ಮಗಳು ಬೇರೆ ಮನೆಯವಳು’ ಎನ್ನುವ ಮಾತು ಕಾನೂನಿನ ಕಣ್ಣಲ್ಲಿ ಅಂದಿಗೇ ಮುಗಿಯಿತು.

2007ರ ಕಾಯ್ದೆ, ಮತ್ತು ಅರ್ಜಿ ಹಾಕದ ತಾಯಂದಿರು

ಸಿಂಗಾಪುರ 1995ರಲ್ಲಿ ಹೆತ್ತವರ ಜೀವನಾಂಶಕ್ಕೆಂದೇ ಒಂದು ಕಾಯ್ದೆ ಮಾಡಿತು. ನಮ್ಮಲ್ಲಿ ಹಿಮಾಚಲ ಪ್ರದೇಶ 2001ರಲ್ಲಿ ಮಾಡಿತು. ಕೇಂದ್ರದ ‘ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ’ಗೆ 2007ರ ಡಿಸೆಂಬರ್ 29ರಂದು ರಾಷ್ಟ್ರಪತಿಯ ಅಂಕಿತ ಬಿತ್ತು. ಕರ್ನಾಟಕದಲ್ಲಿ ಅದು 2008ರಲ್ಲಿ, ಮಹಾರಾಷ್ಟ್ರದಲ್ಲಿ 2009ರಲ್ಲಿ ಜಾರಿಗೆ ಬಂತು.

ಕೋರ್ಟಿನ ಬದಲು ಇಲ್ಲಿ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿ ಇದೆ. ಸೊಲ್ಲಾಪುರದ ಕಡೆ ಆ ಅಧಿಕಾರಿಯನ್ನು ‘ಪ್ರಾಂತ’ ಎನ್ನುತ್ತಾರೆ. ವಕೀಲರನ್ನು ಹಿಡಿಯದೆಯೇ ಅರ್ಜಿ ಹಾಕಬಹುದು. ಹೋಗಲಾಗದವರ ಪರವಾಗಿ ಇನ್ನೊಬ್ಬರು ಅಥವಾ ಒಂದು ಸಂಸ್ಥೆ ಹಾಕಬಹುದು. ನೋಟಿಸು ಹೋದ 90 ದಿನದೊಳಗೆ ತೀರ್ಮಾನ ಆಗಬೇಕು. ಮೊಮ್ಮಕ್ಕಳೂ ‘ಮಕ್ಕಳು’ ಎಂಬುದರಲ್ಲಿ ಸೇರುತ್ತಾರೆ. ಮಕ್ಕಳಿಲ್ಲದ ಹಿರಿಯರಾದರೆ ಅವರ ಆಸ್ತಿ ಪಡೆಯುವ ಸಂಬಂಧಿಕರು ಹೊಣೆ. ಮುದುಕರನ್ನು ತಂದು ಎಲ್ಲೋ ಬಿಟ್ಟು ಹೋದರೆ ಮೂರು ತಿಂಗಳ ಜೈಲು ಅಥವಾ 5,000 ರೂಪಾಯಿ ದಂಡ, ಅಥವಾ ಎರಡೂ. ಈ ಕಾಯ್ದೆ ವಿದೇಶದಲ್ಲಿರುವ ಭಾರತೀಯರಿಗೂ ಅನ್ವಯಿಸುತ್ತದೆ. ದುಬೈಯಲ್ಲಿದ್ದೇನೆ, ನನಗೆ ಸಂಬಂಧವಿಲ್ಲ ಎನ್ನುವ ಹಾಗಿಲ್ಲ.

ಕಾಗದದ ಮೇಲೆ ಇಷ್ಟೆಲ್ಲ ಇದೆ. ಆದರೆ ಟವೆಲಿನ ಅಂಚು ಹೊಲಿಯುವ ಒಬ್ಬ ಅಜ್ಜಿಗೆ ನಾನು ಇದನ್ನು ಹೇಳಿದಾಗ ಅವರು ಕೈಯಲ್ಲಿದ್ದ ಬಟ್ಟೆಯನ್ನು ಕೆಳಗಿಡಲೂ ಇಲ್ಲ. ಅಕ್ಕಲಕೋಟೆ ಕಡೆಯವರು. ಮಗ ಪುಣೆಯಲ್ಲಿ.

“ಅವಂದೇ ಅವಂಗ ಸಾಲಂಗಿಲ್ಲ ತಮ್ಮಾ. ಮತ್ತ ಮಗನ ಮ್ಯಾಲ ಅರ್ಜಿ ಕೊಟ್ರ, ನಾ ಸತ್ತಾಗ ಮಣ್ಣಿಗೆ ಯಾರ ಬರತಾರ?”

ಈ ಒಂದು ಮಾತಿನಲ್ಲಿ ಕಾಯ್ದೆಯ ಎರಡು ಮಿತಿಯೂ ಇವೆ. ಮೊದಲನೆಯದು, ಮಕ್ಕಳ ಕೈಯಲ್ಲಿ ಹಣವಿದೆ ಎಂದು ಕಾನೂನು ನಂಬಿಕೊಂಡಿದೆ. ಮಗನೇ ಬಾಡಿಗೆ ಕೋಣೆಯಲ್ಲಿ ನಾಲ್ಕು ಜನರ ಜೊತೆ ಮಲಗುವವನಾದರೆ ಆದೇಶದಿಂದ ಹಣ ಹುಟ್ಟುವುದಿಲ್ಲ. ಎರಡನೆಯದು, ತಾಯಿಗೆ ಬೇಕಾದದ್ದು ಹಣ ಮಾತ್ರ ಅಲ್ಲ, ಮಗ. ಮೊಕದ್ದಮೆ ಗೆದ್ದರೆ ಹಣ ಬಂದೀತು, ಮಗ ಹೋದಾನು. ಅದಕ್ಕೇ ತೀರಾ ಕೈಮೀರಿದ ಮೇಲೆಯೇ ಹೆಚ್ಚಿನವರು ಪ್ರಾಂತ ಕಚೇರಿಯ ಮೆಟ್ಟಿಲು ಹತ್ತುವುದು. ಗಡಿಯ ಕನ್ನಡದ ಅಜ್ಜಿಗೆ ಅಲ್ಲಿ ಮರಾಠಿಯ ತೊಡಕು ಬೇರೆ.

ಹಣದ ಲೆಕ್ಕವೂ ಹಳೆಯದಾಗಿದೆ. 2007ರಲ್ಲಿ ಇಟ್ಟ ತಿಂಗಳಿಗೆ 10,000 ರೂಪಾಯಿ ಮಿತಿ ಇಂದಿಗೂ ಬದಲಾಗಿಲ್ಲ. ಮಿತಿ ತೆಗೆದು, ಅಳಿಯ ಸೊಸೆಯರನ್ನೂ ಸೇರಿಸುವ ತಿದ್ದುಪಡಿ ಮಸೂದೆ 2019ರ ಡಿಸೆಂಬರಿನಲ್ಲಿ ಲೋಕಸಭೆಗೆ ಬಂತು. ಪಾಸಾಗದೆ ಆ ಲೋಕಸಭೆಯ ಜೊತೆಗೇ ಮುಗಿಯಿತು. ಇನ್ನು ಮಹಾರಾಷ್ಟ್ರ ಸರಕಾರ ಬಡ ಮುದುಕರಿಗೆ ಕೊಡುವ ಪಿಂಚಣಿಯ ಹೆಸರೇ ‘ಶ್ರಾವಣಬಾಳ’, ಅಂದರೆ ಶ್ರವಣಕುಮಾರ. ಮಗ ಮಾಡದ ಕೆಲಸವನ್ನು ಸರಕಾರ ಮಗನ ಹೆಸರಿನಲ್ಲಿ ಮಾಡುತ್ತಿದೆ. 2023ರಲ್ಲಿ ಅದನ್ನು 1,500 ರೂಪಾಯಿಗೆ ಏರಿಸಿದರು. ಕಾರ್ಮಿಕರ ಪಿಂಚಣಿ ಯೋಜನೆಯ ಕನಿಷ್ಠ ಮೊತ್ತ 2014ರಿಂದ 1,000 ರೂಪಾಯಿ. ಔಷಧಿಗೆ ಸಾಕೇ, ನೀವೇ ಹೇಳಿ.

ಸಂಬಳದಿಂದ ಕಡಿತ

ಅರ್ಜಿ, ವಿಚಾರಣೆ ಎಲ್ಲ ಬಿಟ್ಟು ನೇರ ಸಂಬಳಕ್ಕೇ ಕೈ ಹಾಕಿದ ಪ್ರಯೋಗಗಳೂ ಇವೆ. ಅಸ್ಸಾಂ ಸರಕಾರ 2017ರಲ್ಲಿ ‘ಪ್ರಣಾಮ್’ ಕಾಯ್ದೆ ಮಾಡಿತು. ಹೆತ್ತವರನ್ನು ಕಡೆಗಣಿಸಿದ ಸರಕಾರಿ ನೌಕರನ ಸಂಬಳದಿಂದ ಶೇಕಡ 10, ಅಂಗವಿಕಲ ಒಡಹುಟ್ಟಿದವರಿದ್ದರೆ ಶೇಕಡ 15 ಕಡಿತ. ಸೊಲ್ಲಾಪುರದಿಂದ ಹೆಚ್ಚು ದೂರವಿಲ್ಲದ ಲಾತೂರಿನ ಜಿಲ್ಲಾ ಪರಿಷತ್ತು 2020ರ ನವೆಂಬರಿನಲ್ಲಿ ಇನ್ನೂ ಗಟ್ಟಿಯಾದ ನಿರ್ಣಯ ಮಾಡಿತು: ಶೇಕಡ 30 ಕಡಿದು ಹೆತ್ತವರ ಬ್ಯಾಂಕ್ ಖಾತೆಗೆ ಹಾಕುವುದು. ಹನ್ನೆರಡು ನೌಕರರ ಸಂಬಳ ಕಡಿತವಾದ ಸುದ್ದಿ 2021ರ ಆರಂಭದಲ್ಲಿ ಪತ್ರಿಕೆಗಳಲ್ಲಿ ಬಂತು. ಅವರಲ್ಲಿ ಶಿಕ್ಷಕರೂ ಇದ್ದರು.

ಇದು ಕೆಲಸ ಮಾಡುತ್ತದೆ, ಆದರೆ ಸಂಬಳದ ಚೀಟಿ ಇರುವವರಿಗೆ ಮಾತ್ರ. ಪವರ್‌ಲೂಮಿನ ಕೂಲಿಗೆ, ಅಂಗಡಿಯ ವ್ಯಾಪಾರಕ್ಕೆ, ಗಲ್ಫಿನ ದುಡಿಮೆಗೆ ಯಾವ ಜಿಲ್ಲಾ ಪರಿಷತ್ತು ಕಡಿತ ಹಾಕೀತು?

ಕುಂಭಾರಿಯ ಪಾಠ

ಹಾಗಾದರೆ ದುಡಿಯುವ ಬಡವರ ಮುದಿತನಕ್ಕೆ ಆಸರೆ ಯಾವುದು? ಇದಕ್ಕೆ ಸೊಲ್ಲಾಪುರದಲ್ಲೇ ಒಂದು ಉತ್ತರ ಇದೆ. ಅದನ್ನು ಯಾರೂ ಹೆತ್ತವರ ಕಾನೂನು ಎಂದು ಕರೆಯುವುದಿಲ್ಲ.

ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಹೋಗುವ ದಾರಿಯಲ್ಲಿ ಕುಂಭಾರಿ ಸಿಗುತ್ತದೆ. ಕಮ್ಯುನಿಸ್ಟ್ ನಾಯಕ ನರಸಯ್ಯ ಆಡಮ್ ಅವರ ಮುಂದಾಳುತನದಲ್ಲಿ ಬೀಡಿ ಕಟ್ಟುವ ಹೆಂಗಸರು ವರ್ಷಗಟ್ಟಲೆ ಹೋರಾಡಿ ಸಹಕಾರ ಸಂಘ ಕಟ್ಟಿದರು. ಗೋದಾವರಿ ಪರುಳೇಕರರ ಹೆಸರಿನ ಆ ವಸಾಹತಿನ 10,000 ಮನೆಗಳನ್ನು 2006ರಲ್ಲಿ ಆಗಿನ ಪ್ರಧಾನಿ ಮನಮೋಹನ್ ಸಿಂಗ್ ಹಸ್ತಾಂತರಿಸಿದರು. ಸಂಘ ಬೀಡಿ ಕಟ್ಟುವ ಹೆಂಗಸರದ್ದು, ಮನೆಯೂ ಅವರ ಹೆಸರಿನದ್ದು. ಆಮೇಲೆ ಅದೇ ಕಡೆ 30,000 ಮನೆಗಳ ರೇ ನಗರ ಯೋಜನೆ ಬಂತು. ಅದರ ಮೊದಲ 15,000 ಮನೆಗಳು 2024ರ ಜನವರಿಯಲ್ಲಿ ಪ್ರಧಾನಿ ಮೋದಿಯವರ ಕೈಯಿಂದ ಹಸ್ತಾಂತರವಾದವು.

ಯೋಚಿಸಿ. ಮನೆ ಅಮ್ಮನ ಹೆಸರಿನಲ್ಲಿದ್ದರೆ ಯಾರು ಯಾರನ್ನು ಸಾಕುತ್ತಿದ್ದಾರೆ ಎಂಬ ಮಾತೇ ಬೇರೆಯಾಗುತ್ತದೆ. ಮಗ ಸೊಸೆ ಅವಳ ಮನೆಯಲ್ಲಿದ್ದಾರೆ, ಅವಳು ಅವರ ಮನೆಯಲ್ಲಿಲ್ಲ. ಅವಳು ಅರ್ಜಿ ಹಿಡಿದು ಯಾವ ಕಚೇರಿಗೂ ಹೋಗಬೇಕಾಗಿಲ್ಲ.

2007ರ ಕಾಯ್ದೆಯಲ್ಲೂ ಹೆಚ್ಚು ಹಲ್ಲಿರುವುದು ಜೀವನಾಂಶಕ್ಕಲ್ಲ, ಆಸ್ತಿಯ ಬಗ್ಗೆ ಇರುವ 23ನೇ ಸೆಕ್ಷನಿಗೆ. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಹಿರಿಯರು ಆಸ್ತಿ ಬರೆದುಕೊಟ್ಟು, ಪಡೆದವನು ನೋಡಿಕೊಳ್ಳದಿದ್ದರೆ ಆ ವರ್ಗಾವಣೆಯನ್ನು ರದ್ದು ಮಾಡಿಸಬಹುದು. ಆದರೆ ಷರತ್ತು ಇರಬೇಕು. 2022ರ ಸುದೇಶ್ ಛಿಕಾರಾ ಪ್ರಕರಣದಲ್ಲಿ ಪತ್ರದಲ್ಲಿ ಅಂಥ ಷರತ್ತು ಇಲ್ಲವೆಂದು ಸುಪ್ರೀಂ ಕೋರ್ಟು ತಾಯಿಯ ವಿರುದ್ಧ ತೀರ್ಪು ಕೊಟ್ಟಿತು. 2025ರ ಜನವರಿಯ ಊರ್ಮಿಳಾ ದೀಕ್ಷಿತ್ ಪ್ರಕರಣದಲ್ಲಿ ಮಗ ನೋಡಿಕೊಳ್ಳುತ್ತೇನೆಂದು ಬರೆದುಕೊಟ್ಟ ಪತ್ರ ಇತ್ತು. ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಓದಬೇಕೆಂದು ಹೇಳಿ ಕೋರ್ಟು ತಾಯಿಗೆ ಆಸ್ತಿ ವಾಪಸು ಕೊಡಿಸಿತು. ಹಾಗೆಂದು ಈ ಕಾಯ್ದೆಯನ್ನು ಸೊಸೆಯನ್ನು ಬೀದಿಗೆ ಹಾಕುವ ಕೋಲು ಮಾಡಿಕೊಳ್ಳಬಾರದು. ಬೆಂಗಳೂರಿನ ಎಸ್. ವನಿತಾ ಪ್ರಕರಣದಲ್ಲಿ 2020ರಲ್ಲಿ ಸುಪ್ರೀಂ ಕೋರ್ಟು ಅದನ್ನೂ ಸ್ಪಷ್ಟ ಮಾಡಿದೆ.

ನಮ್ಮ ಮನೆಗಳಿಗೆ

ನನ್ನ ಉಪ್ಪನದ್ದು ದಿನಸಿ ಅಂಗಡಿ. ಸಾಲದ ಪುಸ್ತಕದಲ್ಲಿ ಕೆಲವು ಮುದುಕರ ಲೆಕ್ಕವನ್ನು ಉಪ್ಪ ಅವರ ಮಕ್ಕಳ ಹೆಸರಿನಲ್ಲಿ ಬರೆಯುತ್ತಿದ್ದರು, ಹಣ ಅಲ್ಲಿಂದ ಬರಬೇಕಲ್ಲ ಎಂದು. ಯಾವ ಮನೆಗೆ ಹಣ ಬರುವುದು ನಿಂತಿದೆ ಎಂದು ಊರಿಗಿಂತ ಮೊದಲು ಅಂಗಡಿಗೆ ಗೊತ್ತಾಗುತ್ತದೆ. ಮೊದಲು ಮೀನು ಮಸಾಲೆಯ ಸಾಮಾನು ಕಡಿಮೆಯಾಗುತ್ತದೆ, ಆಮೇಲೆ ಸಕ್ಕರೆ, ಕೊನೆಗೆ ಅಕ್ಕಿಯೇ ಅರ್ಧ ಕಿಲೋ ಆಗುತ್ತದೆ. ಆ ಹೆತ್ತವರು ಯಾರೂ ದೂರು ಹೇಳುವುದಿಲ್ಲ. ‘ಮಗನಿಗೆ ಅಲ್ಲಿ ಸಂಬಳ ತಡವಾಗಿದೆ’ ಎನ್ನುತ್ತಾರೆ, ಅಷ್ಟೇ.

ಹಾಗಾಗಿ ‘ನಮ್ಮಲ್ಲಿ ಹಾಗಿಲ್ಲ’ ಎನ್ನುವವರ ಮಾತನ್ನು ನಾನು ಒಪ್ಪಲಾರೆ. ನಮ್ಮಲ್ಲಿ ದೂರು ಇಲ್ಲ, ಅಷ್ಟೇ. ಈ ಚರಿತ್ರೆಯಿಂದ ನಮ್ಮ ಮನೆಗಳು ತೆಗೆದುಕೊಳ್ಳಬಹುದಾದ ಮೂರು ಮಾತು ಹೇಳಿ ಮುಗಿಸುತ್ತೇನೆ.

ಒಂದು, ಬದುಕಿರುವಾಗ ಉಮ್ಮ ಉಪ್ಪನ ಹೆಸರಿನಿಂದ ಮನೆಯನ್ನು ಅವಸರದಲ್ಲಿ ಬಿಡಿಸಬೇಡಿ. ನಮ್ಮಲ್ಲಿ ಬಾಯಿಮಾತಿನ ಹಿಬಾ ನಡೆಯುತ್ತದೆ, ಕಾನೂನೂ ಅದನ್ನು ಒಪ್ಪುತ್ತದೆ. ಆದರೆ ಬಾಯಿಮಾತಿನ ದಾನದಲ್ಲಿ ‘ನೋಡಿಕೊಳ್ಳಬೇಕು’ ಎಂಬ ಷರತ್ತನ್ನು ನಾಳೆ ಯಾರು ಸಾಬೀತು ಮಾಡುತ್ತಾರೆ? ಕೊಡಲೇಬೇಕಾದರೆ ಬರಹದಲ್ಲಿ ಕೊಡಿ, ಷರತ್ತನ್ನು ಅದರಲ್ಲೇ ಬರೆಸಿ.

ಎರಡು, ಮಗಳೂ ಹೊಣೆ ಎಂದು 1987ರಲ್ಲೇ ತೀರ್ಮಾನವಾಗಿದೆ. ಹೊಣೆ ಹೊರುವ ಮಗಳಿಗೆ ಅವಳ ಪಾಲನ್ನು ಕೊಡುವಾಗ ಲೆಕ್ಕ ತಪ್ಪಬೇಡಿ.

ಮೂರು, ಅರ್ಜಿ ಕೊನೆಯ ದಾರಿಯಾಗಿರಲಿ. ಆದರೆ ಅಂಥ ದಾರಿ ಇದೆ ಎಂದು ಮುದುಕರಿಗೆ ಗೊತ್ತಿರಲಿ. ಕೋಡಿನ 125 ಈಗ ಇಲ್ಲ, 2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಸೆಕ್ಷನ್. ಹಿರಿಯರ ಸಹಾಯವಾಣಿ 14567. ಜಮಾತಿನ ಹಿರಿಯರು ಮಧ್ಯೆ ಕುಳಿತು ಮಾತಾಡಿಸುವ ಪದ್ಧತಿ ನಮ್ಮಲ್ಲಿ ಇನ್ನೂ ಇದೆ. ತಲಾಖ್, ಪಾಲುಪಟ್ಟಿಗೆ ಕೂರುವವರು ಅರ್ಧ ಕಿಲೋ ಅಕ್ಕಿಗೆ ಇಳಿದ ಮನೆಯ ವಿಷಯಕ್ಕೂ ಕೂರಲಿ.

ಅಕ್ಕಲಕೋಟೆಯ ಸ್ವಾಮಿ ಸಮರ್ಥರ ಅನ್ನಛತ್ರದಲ್ಲಿ ದಿನವೂ ಸಾವಿರಾರು ಜನ ಉಣ್ಣುತ್ತಾರೆ. ಪಂಕ್ತಿಯಲ್ಲಿ ಕುಳಿತ ಮುದುಕನಿಗೆ ‘ನಿನ್ನ ಮಗ ಎಲ್ಲಿ’ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಅದು ಆ ಊರಿನ ದೊಡ್ಡತನ. ಆದರೆ ಆ ಪ್ರಶ್ನೆಯನ್ನು ಯಾರಾದರೂ ಕೇಳಲೇಬೇಕು. 1601ರಿಂದ ಇಂದಿನ ತನಕ ಎಲ್ಲ ಕಾನೂನುಗಳೂ ಕೇಳಿದ್ದು ಅದನ್ನೇ. ಉತ್ತರ ಕೊಡಬೇಕಾದವರು ಮಾತ್ರ ಪ್ರಾಂತ ಕಚೇರಿಯಲ್ಲಿಲ್ಲ, ನಮ್ಮ ನಮ್ಮ ಮನೆಗಳಲ್ಲೇ ಇದ್ದಾರೆ.